ಲಿನಕ್ಸ್ ಸರ್ವರಿನಲ್ಲಿ ಡಾಂಗಲ್ ಡಯಲ್ ಆಗದಿದ್ದರೆ ಹುಡುಕುವ ಕ್ರಮ

ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಪೈವಳಿಕೆ ಕಡೆಯ ಸಹಕಾರಿ ಸಂಘ, ಶಾಲೆ, ಅಕ್ಷಯ ಇ-ಸೇವಾ ಕೇಂದ್ರಗಳಲ್ಲಿ ಲಿನಕ್ಸ್ ಸರ್ವರ್ ಹೊಸತೇನಲ್ಲ. ಕೇರಳದ ಶಾಲೆಗಳಲ್ಲಿ ಶಿಕ್ಷಣ ಇಲಾಖೆಯ ಐಟಿ ಸಂಸ್ಥೆ ಕೈಟ್‌ನವರ ಉಬುಂಟು ಆಧಾರಿತ ಗ್ನು/ಲಿನಕ್ಸ್ ಓಡುತ್ತಿರುವುದರಿಂದ ಅದರ ಒಳಹೊರಗು ತಿಳಿದವರೂ ಊರೂರಲ್ಲಿ ಸಿಗುತ್ತಾರೆ. ಬಿಎಸ್ಸೆನ್ನೆಲ್ ಫೈಬರೋ ಕೇರಳ ಸರಕಾರದ ಕೆ-ಫೋನ್ ಫೈಬರೋ ಹೋದಾಗ ಕೆಲಸ ನಿಲ್ಲಬಾರದೆಂದು ಸರ್ವರಿಗೊಂದು ಸಿಮ್ ಹಾಕುವ ಯುಎಸ್‌ಬಿ ಡಾಂಗಲ್ ಚುಚ್ಚಿಟ್ಟಿರುತ್ತಾರೆ. ಹೆದ್ದಾರಿ ಕೆಲಸದ ಜೆಸಿಬಿ ಕೇಬಲ್ ಎಳೆದ ದಿನವೇ ಆ ಡಾಂಗಲ್ ಕೂಡ ಮೌನ. ಆಗ ಹೆಚ್ಚಿನವರು ಎಪಿಎನ್ (ಮೊಬೈಲ್ ಕಂಪನಿಯ ಡೇಟಾ ಬಾಗಿಲಿನ ಹೆಸರು) ಬದಲಾಯಿಸಿ ನೋಡುತ್ತಾರೆ, ಇಲ್ಲವೇ ಸಿಸ್ಟಮ್ಮನ್ನೇ ಹೊಸದಾಗಿ ಹಾಕಲು ಹೊರಡುತ್ತಾರೆ. ಎರಡೂ ಬೇಡ. ಕರೆಂಟು, ಮೋಡ್, ಡ್ರೈವರ್, ನೆಟ್‌ವರ್ಕ್ ನೋಂದಣಿ, ಡಯಲ್ (ಡೇಟಾ ಸಂಪರ್ಕ ಜೋಡಿಸುವುದು), ರೂಟ್ (ಡೇಟಾ ಪೊಟ್ಟಣಗಳು ಹೊರಡುವ ದಾರಿ) ಎಂಬ ಕ್ರಮ ತಪ್ಪಿಸದೆ ನೋಡುತ್ತ ಹೋದರೆ ದೋಷ ಸಿಕ್ಕೇ ಸಿಗುತ್ತದೆ. ಸರ್ವರುಗಳಲ್ಲಿ ಅದು ಹೆಚ್ಚಾಗಿ ಈ ಸಾಲಿನ ಎರಡು ಕೊನೆಗಳಲ್ಲೇ ಇರುತ್ತದೆ: ಒಂದೋ ಕರೆಂಟಿನಲ್ಲಿ, ಇಲ್ಲವೇ ರೂಟಿನಲ್ಲಿ. ನಡುವಿನ ಡಯಲ್ ಪಾಪ, ಬೈಸಿಕೊಳ್ಳುವುದು ಮಾತ್ರ ಅದೇ.

ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ. ಎಟಿ ಕಮಾಂಡುಗಳನ್ನು, ಅಂದರೆ ಮೋಡೆಮಿಗೇ ನೇರವಾಗಿ ಕೊಡುವ ಆಜ್ಞೆಗಳನ್ನು, ದೊಡ್ಡಕ್ಷರದಲ್ಲಿ; ಬೇರೆಡೆ ದೊಡ್ಡಕ್ಷರ ಬೇಕಾದಲ್ಲಿ ಅಲ್ಲೇ ಹೇಳಿದೆ.

ಮುಟ್ಟುವ ಮೊದಲು

ಸರ್ವರಿನ ಮುಂದೆ ಕೀಬೋರ್ಡು, ಮಾನಿಟರ್ ಇಟ್ಟುಕೊಳ್ಳಿ. ಇಲ್ಲವಾದರೆ ಅದೇ ಲ್ಯಾನಿನ ಇನ್ನೊಂದು ಕಂಪ್ಯೂಟರಿನಿಂದ ಒಳಹೋಗಿ. ಹೊರಗಿನಿಂದ ವಿಪಿಎನ್ ಮೂಲಕ ಬಂದು ರೂಟ್ ಬದಲಾಯಿಸುವುದೆಂದರೆ ಕುಳಿತ ಕೊಂಬೆಯನ್ನೇ ಕಡಿದಂತೆ.

ಸಿಮ್ ತೆಗೆದು ಮೊಬೈಲಿಗೆ ಹಾಕಿ. ರೀಚಾರ್ಜಿನ ಅವಧಿ ಇದೆಯೇ, ಡೇಟಾ ಓಡುತ್ತದೆಯೇ ನೋಡಿ. ಸಿಮ್ಮಿಗೆ ಪಿನ್ ಇದ್ದರೆ ಅಲ್ಲೇ ತೆಗೆಯಿರಿ. ರಾತ್ರಿ ಕರೆಂಟು ಹೋಗಿ ಬಂದಾಗ ಸರ್ವರಿನ ಮುಂದೆ ಪಿನ್ ಒತ್ತಲು ಯಾರೂ ಇರುವುದಿಲ್ಲ.

ಮೇಜಿನ ಡ್ರಾವರಿನಲ್ಲಿ ಸಿಕ್ಕಿದ ಹಳೆಯ 3ಜಿ ಡಾಂಗಲ್ ಹಾಕಿದ್ದರೆ ಮುಂದೆ ಓದುವ ಮೊದಲು ಒಂದು ವಿಷಯ. 2016ರಲ್ಲಿ ಬಂದ ಜಿಯೋಗೆ 2ಜಿ, 3ಜಿ ಯಾವತ್ತೂ ಇರಲಿಲ್ಲ. ಏರ್‌ಟೆಲ್ 2020ರಲ್ಲಿ 3ಜಿ ಮುಚ್ಚಿತು. ಹಾಗಾಗಿ ಹಳೆಯ ಹುವಾವೇ, ಝಡ್‌ಟಿಇ 3ಜಿ ಕಡ್ಡಿಗಳಿಗೆ ಜಿಯೋ ಸಿಮ್ ಹಾಕಿದರೆ ಟವರೇ ಸಿಗದು. ಏರ್‌ಟೆಲ್ ಹಾಕಿದರೆ ಸಿಗುವುದು 2ಜಿಯ ವೇಗ. 4ಜಿ ಡಾಂಗಲ್ ಕೊಳ್ಳುವಾಗಲೂ ಬ್ಯಾಂಡ್ (ಅದು ಹಿಡಿಯುವ ಆವರ್ತನದ ಪಟ್ಟಿ) ನೋಡಿ. ಜಿಯೋಗೆ 3, 5, 40 ಬೇಕು. ಬಿಎಸ್ಸೆನ್ನೆಲ್ 4ಜಿಗೆ 700 ಮೆಗಾಹರ್ಟ್ಸಿನ 28ನೇ ಬ್ಯಾಂಡ್, 2100ರ 1ನೇ ಬ್ಯಾಂಡ್. ಗುಡ್ಡದ ಆಚೆ ದಾಟಿ ಬರುವುದು 700 ಮೆಗಾಹರ್ಟ್ಸ್; ಅದಿಲ್ಲದ ಕಡ್ಡಿಯನ್ನು ದೇಲಂಪಾಡಿ, ಎಣ್ಮಕಜೆಯ ತಗ್ಗುಗಳಲ್ಲಿ ಬಿಎಸ್ಸೆನ್ನೆಲ್‌ಗೆಂದು ಕೊಳ್ಳಬೇಡಿ.

ಕರೆಂಟು ಮತ್ತು ಯುಎಸ್‌ಬಿ

ಟರ್ಮಿನಲ್ಲಿನಲ್ಲಿ «ಡಿಎಂಇಎಸ್‌ಜಿ -ಡಬ್ಲ್ಯು» ಓಡಿಸಿಟ್ಟು ಡಾಂಗಲ್ ಕಿತ್ತು ಮತ್ತೆ ಚುಚ್ಚಿ. «ನ್ಯೂ ಹೈ-ಸ್ಪೀಡ್ ಯುಎಸ್‌ಬಿ ಡಿವೈಸ್» ಎಂಬ ಸಾಲು ಬರಬೇಕು. ಅದರ ಬದಲು «ಎರರ್ -71» ಅಥವಾ «ಎರರ್ -110» ಬಂದರೆ, ಇಲ್ಲವೇ ಡಯಲ್ ಮಾಡಿದ ಕೂಡಲೇ «ಯುಎಸ್‌ಬಿ ಡಿಸ್‌ಕನೆಕ್ಟ್» ಬಂದರೆ, ತಂತ್ರಾಂಶ ಮುಟ್ಟುವ ಅಗತ್ಯವಿಲ್ಲ. ದೋಷ ಪೋರ್ಟಿನದ್ದು, ಕೇಬಲಿನದ್ದು ಅಥವಾ ಕರೆಂಟಿನದ್ದು.

ಕಾರಣ ಸರಳ. ಯುಎಸ್‌ಬಿ 2.0 ಪೋರ್ಟು ಕೊಡುವುದು 500 ಮಿಲಿಆಂಪಿಯರ್, 3.0 ಕೊಡುವುದು 900. ರೇಂಜ್ ಕಡಿಮೆ ಇರುವಲ್ಲಿ ಡಾಂಗಲ್ ಗಟ್ಟಿಯಾಗಿ ಕೂಗಬೇಕಾಗುತ್ತದೆ. ಆಗ ಕ್ಷಣಮಾತ್ರಕ್ಕೆ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಸುಮ್ಮನಿದ್ದಾಗ ಸರಿ, ಡೇಟಾ ಓಡಿಸಿದರೆ ಸತ್ತೇಹೋಗುತ್ತದೆ ಎಂಬ ಲಕ್ಷಣ ಕಂಡರೆ ಇದೇ ರೋಗ. ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟು ಬಿಟ್ಟು ಹಿಂದಿನ, ಮದರ್‌ಬೋರ್ಡಿನದೇ ಪೋರ್ಟಿಗೆ ಹಾಕಿ. ಸಾಲದಿದ್ದರೆ ಸ್ವಂತ ಅಡಾಪ್ಟರ್ ಇರುವ ಹಬ್ ಬೇಕು. ಅಡಾಪ್ಟರ್ ಇಲ್ಲದ ಹಬ್ ಇದ್ದೂ ಇಲ್ಲದ ಹಾಗೆ.

ನೀಲಿ ಪೋರ್ಟಿನಲ್ಲಿ, ಅಂದರೆ 3.0ರಲ್ಲಿ, ಇನ್ನೊಂದು ತೊಂದರೆಯಿದೆ. ಪಕ್ಕದಲ್ಲಿ ಬ್ಯಾಕಪ್ ಹಾರ್ಡ್‌ಡಿಸ್ಕ್ ಓಡುತ್ತಿದ್ದರೆ ಅದರ ರೇಡಿಯೋ ಸದ್ದು 2.4 ಗಿಗಾಹರ್ಟ್ಸಿನ ಸುತ್ತ ಹರಡುತ್ತದೆ. ಜಿಯೋ, ಏರ್‌ಟೆಲ್ ಬಳಸುವ 40ನೇ ಬ್ಯಾಂಡ್ 2300ರಿಂದ 2400ರವರೆಗೆ. ಸರಿಯಾಗಿ ಅದರ ಅಂಚಿಗೇ ಬಂತು. ಒಂದೂವರೆ-ಎರಡು ಮೀಟರಿನ ಒಳ್ಳೆಯ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್ ಕೇಬಲಿನಲ್ಲಿ ಡಾಂಗಲನ್ನು ದೂರ ಒಯ್ದರೆ ಸದ್ದಿನಿಂದಲೂ ಬಿಡುಗಡೆ, ಕಿಟಕಿಯ ರೇಂಜೂ ಸಿಗುತ್ತದೆ. ಐದು ಮೀಟರ್ ಮೀರಬೇಡಿ.

ಕೆಲವು ಗಂಟೆ ಸರಿಯಿದ್ದು ಆಮೇಲೆ ಮಾಯವಾಗುವ ಡಾಂಗಲ್ಲಿಗೆ ಆಟೋ-ಸಸ್ಪೆಂಡ್, ಅಂದರೆ ಸುಮ್ಮನಿರುವ ಸಾಧನವನ್ನು ಮಲಗಿಸುವ ವ್ಯವಸ್ಥೆ, ಕಾರಣವಿರಬಹುದು. ಸಿಸ್-ಎಫ್‌ಎಸ್‌ನಲ್ಲಿ (ಸಾಧನಗಳ ಸ್ಥಿತಿ ತೋರಿಸುವ «/ಸಿಸ್» ಫೋಲ್ಡರು) ಆ ಸಾಧನದ «ಪವರ್/ಕಂಟ್ರೋಲ್» ಕಡತದಲ್ಲಿ «ಆಟೋ» ಇದ್ದರೆ «ಆನ್» ಮಾಡಿ. ಶಾಶ್ವತವಾಗಿ ಬೇಕಿದ್ದರೆ ಬೂಟ್ ಸಾಲಿಗೆ «ಯುಎಸ್‌ಬಿಕೋರ್.ಆಟೋಸಸ್ಪೆಂಡ್=-1» ಸೇರಿಸಿ.

ಡಾಂಗಲ್ ಯಾವ ವೇಷದಲ್ಲಿದೆ?

«ಎಲ್‌ಎಸ್‌ಯುಎಸ್‌ಬಿ» ಕೊಟ್ಟರೆ ಕಂಪನಿಯ ಮತ್ತು ಮಾದರಿಯ ಸಂಖ್ಯೆ ಬರುತ್ತದೆ. ಹುವಾವೇಗೆ 12ಡಿ1, ಝಡ್‌ಟಿಇಗೆ 19ಡಿ2. ಈ ಕಡ್ಡಿಗಳು ಮೊದಲು ವಿಂಡೋಸ್ ಡ್ರೈವರ್ ತುಂಬಿದ ಸಿಡಿಯಂತೆ ಕಾಣಿಸಿಕೊಂಡು, ಆಮೇಲೆ ಮೋಡೆಮ್ ಆಗುತ್ತವೆ. «ಎಲ್‌ಎಸ್‌ಯುಎಸ್‌ಬಿ -ಟಿ» ಕೊಟ್ಟಾಗ ಡ್ರೈವರ್ ಜಾಗದಲ್ಲಿ «ಯುಎಸ್‌ಬಿ-ಸ್ಟೋರೇಜ್» ಒಂದೇ ಇದ್ದರೆ ಅದಿನ್ನೂ ಸಿಡಿಯ ವೇಷ ಕಳಚಿಲ್ಲ. «ಯುಎಸ್‌ಬಿ-ಮೋಡ್‌ಸ್ವಿಚ್» ಪ್ಯಾಕೇಜು ಮತ್ತು ಅದರ ಡೇಟಾ ಪ್ಯಾಕೇಜು ಎರಡನ್ನೂ ಹಾಕಿ, ಡಾಂಗಲ್ ಕಿತ್ತು ಚುಚ್ಚಿ. ಸಂಖ್ಯೆ ಬದಲಾಗಬೇಕು, ಹುವಾವೇಯ 12ಡಿ1:1446 ಎಂಬುದು 12ಡಿ1:1506 ಆಗುವ ಹಾಗೆ. ಸರ್ವರಿನ ಕನಿಷ್ಠ ಇನ್‌ಸ್ಟಾಲಿನಲ್ಲಿ ಈ ಪ್ಯಾಕೇಜು ಇರುವುದೇ ಇಲ್ಲ. ನೆಟ್ ಇಲ್ಲದ ದಿನ ಅದನ್ನು ಇಳಿಸಿಕೊಳ್ಳುವುದು ಹೇಗೆ? ಫೈಬರ್ ಸರಿಯಿರುವಾಗಲೇ ಹಾಕಿಡಬೇಕು.

ಮೋಡೆಮ್ ಆದ ಮೇಲೆ ಅದು ಮೂರು ಬಗೆಯಲ್ಲಿ ಬರಬಹುದು. «ಆಪ್ಷನ್» ಡ್ರೈವರ್ ಹಿಡಿದು ಟಿಟಿವೈಯುಎಸ್‌ಬಿ0, 1, 2 ಎಂಬ ಸೀರಿಯಲ್ ಪೋರ್ಟುಗಳು ಬಂದರೆ ಅದು ಡಯಲ್ ಮಾಡುವ ಹಳೆಯ ದಾರಿ. ಸಿಡಿಸಿ-ಡಬ್ಲ್ಯುಡಿಎಂ0 ಮತ್ತು ಡಬ್ಲ್ಯುವ್ಯಾನ್0 ಬಂದರೆ ಕ್ಯುಎಂಐ ಅಥವಾ ಎಂಬಿಐಎಂ ಎಂಬ ಹೊಸ ದಾರಿ. ಅಲ್ಲಿ ಪಿಪಿಪಿ (ಸೀರಿಯಲ್ ಪೋರ್ಟಿನ ಮೇಲೆ ನೆಟ್ ಸಾಗಿಸುವ ಹಳೆಯ ವಿಧಾನ) ಬೇಕಾಗಿಲ್ಲ. ಇನ್ನೊಂದು ನೆಟ್‌ವರ್ಕ್ ಕಾರ್ಡಿನಂತೆ ಬಂದು 192.168.8.ಎಕ್ಸ್ ವಿಳಾಸ ಕೊಟ್ಟರೆ ಅದು ಹುವಾವೇಯ ಹೈಲಿಂಕ್, ಅಂದರೆ ಡಾಂಗಲ್ಲೇ ಒಂದು ಪುಟ್ಟ ರೂಟರ್. ಹೈಲಿಂಕಿಗೆ ಪಿಪಿಪಿ ಡಯಲ್ ಮಾಡಲು ಹೊರಟು ದಿನ ಕಳೆಯುವವರಿದ್ದಾರೆ. ಅದಕ್ಕೆ ತಾನಾಗಿ ವಿಳಾಸ ಪಡೆಯುವ ಡಿಎಚ್‌ಸಿಪಿ ಸಾಕು. ಎಪಿಎನ್ ಎಲ್ಲ 192.168.8.1ರ ಪುಟದಲ್ಲಿ.

«ಮಾಡ್ಯೂಲ್ ಆಪ್ಷನ್ ನಾಟ್ ಫೌಂಡ್» ಎಂದು ಬಂದರೆ ನೀವು ಓಡಿಸುತ್ತಿರುವುದು ವರ್ಚುವಲ್ ಯಂತ್ರಗಳಿಗೆಂದು ಡ್ರೈವರ್ ಕಡಿಮೆ ಮಾಡಿದ ಕರ್ನೆಲ್ (ಲಿನಕ್ಸಿನ ತಿರುಳು). ಉಬುಂಟುವಿನಲ್ಲಿ ಆ ಕರ್ನೆಲ್ ಆವೃತ್ತಿಯದೇ «ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ» ಪ್ಯಾಕೇಜು ಹಾಕಿ.

ಟವರಿನ ಜೊತೆ ಮಾತು

ಇಲ್ಲಿ ಒಂದೇ ಯಜಮಾನ ಇರಲಿ. ಮೋಡೆಮ್ ನೋಡಿಕೊಳ್ಳುವ ಮೋಡೆಮ್‌ಮ್ಯಾನೇಜರ್ ಸೇವೆ ಪೋರ್ಟನ್ನು ಹಿಡಿದುಕೊಂಡಿರುವಾಗ ಡಬ್ಲ್ಯುವಿಡಯಲ್ ಎಂಬ ಡಯಲ್ ಪ್ರೋಗ್ರಾಮು ಅದನ್ನೇ ಕೇಳಿದರೆ «ಡಿವೈಸ್ ಆರ್ ರಿಸೋರ್ಸ್ ಬಿಜಿ» ಎಂಬ ಉತ್ತರ, ಅಥವಾ ಇನ್ನೂ ಕೆಟ್ಟದು, ಅರ್ಧಂಬರ್ಧ ಉತ್ತರಗಳು. ಕೈಯಾರೆ ಪರೀಕ್ಷಿಸುವಾಗ «ಸಿಸ್ಟಮ್‌ಸಿಟಿಎಲ್ ಸ್ಟಾಪ್ ಮೋಡೆಮ್‌ಮ್ಯಾನೇಜರ್» (ಕೊನೆಯ ಪದದ ಮೋಡೆಮ್, ಮ್ಯಾನೇಜರ್ ಎರಡರ ಮೊದಲಕ್ಷರವೂ ದೊಡ್ಡದು) ಕೊಟ್ಟು, ಪಿಕೋಕಾಮ್ ಅಥವಾ ಮಿನಿಕಾಮ್ ಎಂಬ ಸೀರಿಯಲ್ ಪ್ರೋಗ್ರಾಮಿನಿಂದ ಪೋರ್ಟು ತೆರೆಯಿರಿ. (ಸರ್ವರಿಗೆ ಯುಪಿಎಸ್‌ನ ಸೀರಿಯಲ್ ಕೇಬಲ್ ಇದ್ದರೆ ಮೋಡೆಮ್‌ಮ್ಯಾನೇಜರ್ ಅದನ್ನೂ ಮೋಡೆಮೆಂದು ತಡಕಾಡಬಹುದು. ಸಾಧನಗಳನ್ನು ಗುರುತಿಸುವ ಯುಡೆವ್‌ನ ನಿಯಮದಲ್ಲಿ ಯುಪಿಎಸ್‌ಗೆ «ಐಡಿ_ಎಂಎಂ_ಡಿವೈಸ್_ಇಗ್ನೋರ್=1» (ಎಲ್ಲ ದೊಡ್ಡಕ್ಷರ) ಕೊಟ್ಟುಬಿಡಿ.)

«ಎಟಿ» ಹೊಡೆದರೆ «ಓಕೆ» ಬರಬೇಕು. ಬರದಿದ್ದರೆ ಪಕ್ಕದ ಪೋರ್ಟು ನೋಡಿ. ಮೂರರಲ್ಲಿ ಒಂದು ಬರೀ ಡಯಾಗ್ನೋಸ್ಟಿಕ್ ಇರುತ್ತದೆ. «ಎಟಿ+ಸಿಪಿಐಎನ್?» ಕೇಳಿದರೆ «ರೆಡಿ» ಎನ್ನಬೇಕು. «ಎಟಿ+ಸಿಎಸ್‌ಕ್ಯು» ರೇಂಜ್ ಹೇಳುತ್ತದೆ: 0ರಿಂದ 31ರವರೆಗೆ. ಇದನ್ನು ಎರಡರಿಂದ ಗುಣಿಸಿ 113 ಕಳೆದರೆ ಡಿಬಿಎಂ. 20 ಬಂದರೆ -73, ಚೆನ್ನಾಗಿದೆ. 10ಕ್ಕಿಂತ ಕೆಳಗಿದ್ದರೆ ಡಯಲ್ ಆದರೂ ನಂಬುವ ಹಾಗಿಲ್ಲ. 99 ಎಂದರೆ ಅಳೆಯಲಿಕ್ಕೇ ಆಗಿಲ್ಲ. ಮುರಕಲ್ಲಿನ ದಪ್ಪ ಗೋಡೆ, ಮೇಲೆ ತಗಡಿನ ಶೀಟು, ಅದರ ಒಳಗೆ ಕಬ್ಬಿಣದ ರ್‍ಯಾಕು: ಇಂಥಲ್ಲಿ ಡಾಂಗಲ್ ಕಿಟಕಿಗೆ ಬಂದ ಕೂಡಲೇ ಸಂಖ್ಯೆ ಏರುವುದು ಕಣ್ಣಿಗೇ ಕಾಣುತ್ತದೆ. 4ಜಿಯಲ್ಲಿ ಇನ್ನೂ ನಿಖರವಾಗಿ ಬೇಕಿದ್ದರೆ ಮೋಡೆಮ್‌ಮ್ಯಾನೇಜರಿನಲ್ಲಿ «ಎಂಎಂಸಿಎಲ್‌ಐ -ಎಂ 0 --ಸಿಗ್ನಲ್-ಸೆಟಪ್=5», ಬಳಿಕ «--ಸಿಗ್ನಲ್-ಗೆಟ್». ಆರ್‌ಎಸ್‌ಆರ್‌ಪಿ (4ಜಿ ಸಂಕೇತದ ಬಲ) -100ಕ್ಕಿಂತ ಮೇಲಿದ್ದರೆ ಕೆಲಸ ನಡೆಯುತ್ತದೆ. -110ರ ಕೆಳಗೆ ಹೊರಗಿನ ಆಂಟೆನಾ ಬೇಕು.

ಮುಂದಿನದು ನಮ್ಮ ಗಡಿಯದೇ ತಲೆನೋವು. «ಎಟಿ+ಸಿಆರ್‌ಇಜಿ?» ಮತ್ತು 4ಜಿಗೆ «ಎಟಿ+ಸಿಇಆರ್‌ಇಜಿ?» ಕೇಳಿ. ಉತ್ತರದ ಎರಡನೆಯ ಅಂಕಿ 1 ಎಂದರೆ ಸ್ವಂತ ನೆಟ್‌ವರ್ಕು, 2 ಹುಡುಕಾಟದಲ್ಲಿದೆ, 3 ನಿರಾಕರಣೆ, 5 ರೋಮಿಂಗ್. ಟೆಲಿಕಾಂ ಲೆಕ್ಕದಲ್ಲಿ ಕೇರಳ, ಕರ್ನಾಟಕ ಬೇರೆಬೇರೆ ಸರ್ಕಲ್, ನೆಟ್‌ವರ್ಕಿನ ಸಂಖ್ಯೆಯೂ ಬೇರೆ. ಬಿಎಸ್ಸೆನ್ನೆಲ್ ಕೇರಳದಲ್ಲಿ 40472, ಕರ್ನಾಟಕದಲ್ಲಿ 40471. ಏರ್‌ಟೆಲ್ 40495 ಮತ್ತು 40445. ಜಿಯೋ 405862 ಮತ್ತು 405861. ತಲಪಾಡಿ, ವರ್ಕಾಡಿ, ಬಾಯಾರು, ಪೆರ್ಲ, ಅಡೂರಿನಂಥ ಕಡೆ ಎತ್ತರದಲ್ಲಿ ನಿಂತರೆ ಆಚೆಯ ಟವರೇ ಜೋರಾಗಿ ಕೇಳಿಸುತ್ತದೆ, ಡಾಂಗಲ್ ಅತ್ತ ವಾಲುತ್ತದೆ. ಮೊಬೈಲಿನಲ್ಲಿ ರೋಮಿಂಗ್ ಸದಾ ತೆರೆದಿರುವುದರಿಂದ ಗೊತ್ತೇ ಆಗದು. ಹೈಲಿಂಕ್ ಪುಟದಲ್ಲಿ ಡೇಟಾ ರೋಮಿಂಗ್ ಮುಚ್ಚಿದ್ದರೆ, ಅಥವಾ ಸರ್ವರಿನ ಸಂಪರ್ಕಗಳನ್ನು ನಡೆಸುವ ನೆಟ್‌ವರ್ಕ್‌ಮ್ಯಾನೇಜರಿನಲ್ಲಿ ಯಾರೋ «ಜಿಎಸ್‌ಎಂ.ಹೋಮ್-ಓನ್ಲಿ» ಹೌದು ಮಾಡಿದ್ದರೆ, ರೇಂಜ್ ಪೂರ್ತಿ ಇದ್ದೂ ಡೇಟಾ ಸೊನ್ನೆ. ಮೊದಲು ರೋಮಿಂಗ್ ತೆರೆಯಿರಿ.

ಎರಡು ಟವರುಗಳ ನಡುವೆ ಅತ್ತಿತ್ತ ಹಾರುತ್ತ ಪ್ರತಿಸಲ ಸಂಪರ್ಕ ಕಡಿಯುತ್ತಿದ್ದರೆ ಒಂದು ಕಡೆ ಕಟ್ಟಿಹಾಕುವುದೇ ಮದ್ದು. ಮೊದಲು «ಎಟಿ+ಸಿಒಪಿಎಸ್=3,2» ಕೊಟ್ಟು «ಎಟಿ+ಸಿಒಪಿಎಸ್?» ಕೇಳಿದರೆ ಈಗ ಯಾವ ಸಂಖ್ಯೆಯಲ್ಲಿದೆ ಎಂದು ಬರುತ್ತದೆ. ಸಾಲಿನ ಕೊನೆಯ ಅಂಕಿ 7 ಇದ್ದರೆ 4ಜಿ, 2 ಇದ್ದರೆ 3ಜಿ, 0 ಇದ್ದರೆ 2ಜಿ. ಬಳಿಕ «ಎಟಿ+ಸಿಒಪಿಎಸ್=1,2,"40472"» ಎಂದು ಬಿಗಿಯಿರಿ. ಮೋಡೆಮ್‌ಮ್ಯಾನೇಜರಿನಲ್ಲಾದರೆ «--3ಜಿಪಿಪಿ-ರಿಜಿಸ್ಟರ್-ಇನ್-ಆಪರೇಟರ್=40472». ಒಂದು ವಾರ ಆಚೆಯದಕ್ಕೂ ಈಚೆಯದಕ್ಕೂ ಕಟ್ಟಿ ನೋಡಿ ಯಾವುದು ಗಟ್ಟಿಯೋ ಅದನ್ನು ಇಟ್ಟುಕೊಳ್ಳಿ. ಊರಾಭಿಮಾನ ಇಲ್ಲಿ ಉಪಯೋಗಕ್ಕಿಲ್ಲ.

ಡಯಲ್

ಬಿಎಸ್ಸೆನ್ನೆಲ್‌ಗೆ ಎಪಿಎನ್ «ಬಿಎಸ್‌ಎನ್‌ಎಲ್‌ನೆಟ್», ಜಿಯೋಗೆ «ಜಿಯೋನೆಟ್», ಏರ್‌ಟೆಲ್‌ಗೆ «ಏರ್‌ಟೆಲ್‌ಜಿಪಿಆರ್‌ಎಸ್.ಕಾಮ್». ಸೀರಿಯಲ್ ದಾರಿಯಲ್ಲಿ «ಎಟಿ+ಸಿಜಿಡಿಸಿಒಎನ್‌ಟಿ=1,"ಐಪಿ","..."» ಎಂದು ಎಪಿಎನ್ ತುಂಬಿ, «ಎಟಿಡಿ*99#» ಡಯಲ್ ಮಾಡಿದರೆ «ಕನೆಕ್ಟ್» ಬರಬೇಕು. «ನೋ ಕ್ಯಾರಿಯರ್» ಬಂದರೆ ಎಪಿಎನ್ ತಪ್ಪು, ಸಿಮ್ಮಿನಲ್ಲಿ ಡೇಟಾ ಇಲ್ಲ, ಅಥವಾ ನೋಂದಣಿ ಆಗಿಲ್ಲ. ಕೆಲವು ಕಡ್ಡಿಗಳು «*99***1#» ಎಂದರೆ ಮಾತ್ರ ಒಂದನೇ ಎಪಿಎನ್ ತೆಗೆದುಕೊಳ್ಳುತ್ತವೆ. ಯೂಸರ್ ಹೆಸರು, ಪಾಸ್‌ವರ್ಡ್ ಬೇಕಿಲ್ಲ. ಡಬ್ಲ್ಯುವಿಡಯಲ್ ಮಾತ್ರ ಖಾಲಿ ಬಿಟ್ಟರೆ ಮುನಿಯುತ್ತದೆ; ಏನಾದರೂ ಎರಡಕ್ಷರ ತುಂಬಿ, «ಸ್ಟುಪಿಡ್ ಮೋಡ್ = 1» ಹಾಕಿ.

ಇಲ್ಲೊಂದು ವಿಷಯ ತಿಳಿದಿರಬೇಕು. ಟೆಲಿಫೋನ್ ಕಾಲದಲ್ಲಿ ಪಿಪಿಪಿ ಆಚೆಯ ಸರ್ವರಿನವರೆಗೆ ಹೋಗುತ್ತಿತ್ತು. ಡಾಂಗಲ್ಲಿನಲ್ಲಿ ಅದು ಡಾಂಗಲ್ಲಿನ ಒಳಗೇ ಮುಗಿಯುತ್ತದೆ. ಅಲ್ಲಿಂದಾಚೆ ಮೊಬೈಲ್ ನೆಟ್‌ವರ್ಕಿನ ವ್ಯವಹಾರ. ಹಾಗಾಗಿ ಪಿಪಿಪಿ ನಡೆಸುವ ಪ್ರೋಗ್ರಾಮು ಪಿಪಿಪಿಡಿಯ «ಎಲ್‌ಸಿಪಿ-ಎಕೋ» (ಆಚೆ ಜೀವವಿದೆಯೇ ಎಂಬ ಕೇಳಿಕೆ) ಸರಿಯಾಗಿ ಉತ್ತರ ಕೊಡುತ್ತಿದ್ದರೂ ನೆಟ್ ಸತ್ತಿರಬಹುದು. ಸಂಪರ್ಕ ಬದುಕಿದೆಯೇ ಎಂದು ತಿಳಿಯಲು ಅದನ್ನು ನೆಚ್ಚಬೇಡಿ. ಲಾಗಿನಲ್ಲಿ ಆಚೆಯ ವಿಳಾಸ 10.64.64.64 ಎಂದು ಬಂದರೆ ಗಾಬರಿ ಬೇಡ. ಆಚೆಯವರು ವಿಳಾಸ ಹೇಳದಿದ್ದಾಗ ಪಿಪಿಪಿಡಿ ತಾನೇ ಇಟ್ಟುಕೊಳ್ಳುವ ಹೆಸರಿಗೊಂದು ವಿಳಾಸ ಅದು. ಆದರೆ ಡಿಎನ್‌ಎಸ್ (ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) 10.11.12.13 ಎಂದು ಬಂದರೆ ಅದು ಸುಳ್ಳು. ನೆಟ್‌ವರ್ಕು ಸಿದ್ಧವಾಗುವ ಮೊದಲೇ ಕೇಳಿದ್ದಕ್ಕೆ ಡಾಂಗಲ್ ಕೊಟ್ಟ ಸಮಾಧಾನ. ಕಡಿದು, ಹತ್ತು ಸೆಕೆಂಡು ಬಿಟ್ಟು ಮತ್ತೆ ಡಯಲ್ ಮಾಡಿ.

ಪಿಪಿಪಿಡಿ ಬಿಟ್ಟುಹೋಗುವ ಸಂಖ್ಯೆಯೂ ಸುಳಿವು. 8 ಎಂದರೆ ಡಯಲ್ ಸ್ಕ್ರಿಪ್ಟೇ ಸೋತಿದೆ, ಟವರಿನ ಹಂತಕ್ಕೆ ಹಿಂತಿರುಗಿ. 10 ಎಂದರೆ ಪಿಪಿಪಿ ಮಾತುಕತೆ ಕೂಡಿಬರಲಿಲ್ಲ; «ನೋಸಿಸಿಪಿ», «ನೋವಿಜೆ» ಸೇರಿಸಿ ನೋಡಿ. 16 ಎಂದರೆ ಮೋಡೆಮ್ಮೇ ಕಡಿದಿದೆ. «ಪರ್ಸಿಸ್ಟ್», «ಮ್ಯಾಕ್ಸ್‌ಫೇಲ್ 0», «ಹೋಲ್ಡ್‌ಆಫ್ 10» ಮೂರೂ ಇದ್ದರೆ ತಾನಾಗಿ ಮತ್ತೆ ಯತ್ನಿಸುತ್ತದೆ. ಪೋರ್ಟಿನ ಹೆಸರಾಗಿ ಟಿಟಿವೈಯುಎಸ್‌ಬಿ0 ಬರೆಯಬೇಡಿ. ಒಮ್ಮೆ ಕಡಿದು ಬಂದರೆ ಅದು 3 ಆಗಿರುತ್ತದೆ. «/ಡೆವ್/ಸೀರಿಯಲ್/ಬೈ-ಐಡಿ» ಒಳಗಿನ ಉದ್ದ ಹೆಸರು ಬದಲಾಗುವುದಿಲ್ಲ.

ಹೊಸದಾಗಿ ಕಟ್ಟುವುದಾದರೆ ಪಿಪಿಪಿಯ ಸಹವಾಸವೇ ಬೇಡ. ಕ್ಯುಎಂಐ ಅಥವಾ ಎಂಬಿಐಎಂ ಡಾಂಗಲ್ ತಂದು ನೆಟ್‌ವರ್ಕ್‌ಮ್ಯಾನೇಜರಿಗೆ «ಎನ್‌ಎಂಸಿಎಲ್‌ಐ ಕನೆಕ್ಷನ್ ಆ್ಯಡ್ ಟೈಪ್ ಜಿಎಸ್‌ಎಂ ಇಫ್‌ನೇಮ್ '*' ಎಪಿಎನ್ ...» ಎಂದರೆ ಆಯಿತು. ಉಬುಂಟು ಸರ್ವರಿನಲ್ಲಿ ನೆಟ್‌ಪ್ಲಾನ್ ಎಂಬ ಸೆಟ್ಟಿಂಗ್ ವ್ಯವಸ್ಥೆಯ ಹಿಂದೆ ಇರುವುದು ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ. ಅದಕ್ಕೆ ಮೋಡೆಮ್ ಗೊತ್ತಿಲ್ಲ ಎಂಬುದು ನೆನಪಿರಲಿ.

ಡಯಲ್ ಆಯಿತು, ನೆಟ್ ಇಲ್ಲ

«ಪಿಂಗ್ -ಐ ಪಿಪಿಪಿ0 8.8.8.8» (ಇಲ್ಲಿ «ಐ» ದೊಡ್ಡಕ್ಷರ) ಉತ್ತರ ಕೊಟ್ಟು, ಬರೀ «ಪಿಂಗ್ 8.8.8.8» ಸುಮ್ಮನಿದ್ದರೆ ಡಾಂಗಲ್ ಸರಿ, ರೂಟ್ ತಪ್ಪು. «ಐಪಿ ರೂಟ್ ಗೆಟ್ 8.8.8.8» ಪೊಟ್ಟಣ ಯಾವ ಬಾಗಿಲಿನಿಂದ ಹೊರಡುತ್ತಿದೆ ಎಂದು ಹೇಳುತ್ತದೆ. ಫೈಬರ್ ಕಡಿದಿರುವುದು ರಸ್ತೆಯಲ್ಲಿ. ಒಳಗಿನ ರೂಟರ್ ದೀಪ ಹಚ್ಚಿಕೊಂಡೇ ಕೂತಿದೆ. ಸರ್ವರಿನ ಲ್ಯಾನ್ ಕೇಬಲ್ ಜೀವಂತ, ಡೀಫಾಲ್ಟ್ ರೂಟ್ ಜೀವಂತ. ಅದರ ಮೆಟ್ರಿಕ್ (ಆದ್ಯತೆಯ ಸಂಖ್ಯೆ) 100, ಡಾಂಗಲಿನದು 700. ಕಡಿಮೆ ಇದ್ದದ್ದೇ ಗೆಲ್ಲುತ್ತದೆ. ಎಲ್ಲ ಪೊಟ್ಟಣಗಳೂ ಸತ್ತ ಫೈಬರಿಗೇ ಹೋಗುತ್ತವೆ. ಪಿಪಿಪಿಡಿಯಲ್ಲಿ ಬರೀ «ಡೀಫಾಲ್ಟ್‌ರೂಟ್» ಕೊಟ್ಟಿದ್ದರೂ ಇದೇ ಕಥೆ: ಇರುವ ರೂಟನ್ನು ಬದಲಾಯಿಸುವುದಿಲ್ಲ ಎಂದು ಲಾಗಿನಲ್ಲಿ ಬರೆದು ಸುಮ್ಮನಾಗುತ್ತದೆ. «ರಿಪ್ಲೇಸ್‌ಡೀಫಾಲ್ಟ್‌ರೂಟ್» ಸೇರಿಸಿದರೆ ಬದಲಾಯಿಸುತ್ತದೆ.

ನೆಟ್‌ವರ್ಕ್‌ಮ್ಯಾನೇಜರಿನಲ್ಲಿ ಇದಕ್ಕೆ ಒಳ್ಳೆಯ ಉಪಾಯವಿದೆ. ಕನೆಕ್ಟಿವಿಟಿ ತಪಾಸಣೆ ಚಾಲೂ ಮಾಡಿದರೆ, ಹೊರಗೆ ಹೋಗಲಾಗದ ಲೈನಿನ ಮೆಟ್ರಿಕ್ಕಿಗೆ ಅದು 20000 ಕೂಡಿಸುತ್ತದೆ. ಲ್ಯಾನ್ 20100 ಆದ ಕೂಡಲೇ 700ರ ಡಾಂಗಲ್ ಮುಂದೆ ಬರುತ್ತದೆ. ಫೈಬರ್ ಬಂದಾಗ ತಾನೇ ಹಿಂದೆ ಸರಿಯುತ್ತದೆ. ಉಬುಂಟು, ಡೆಬಿಯನ್ ಎರಡಕ್ಕೂ ಇದರ ಸೆಟ್ಟಿಂಗಿನದೇ ಚಿಕ್ಕ ಪ್ಯಾಕೇಜು ಇದೆ. ಎರಡು ಲೈನ್ ಒಟ್ಟಿಗೆ ಓಡುವಾಗ ಒಂದರಿಂದ ಬಂದ ಉತ್ತರವನ್ನು ಕರ್ನೆಲ್ ಎಸೆಯುತ್ತಿದ್ದರೆ «ಆರ್‌ಪಿ_ಫಿಲ್ಟರ್» 1ರಿಂದ 2 ಮಾಡಿ.

ಸಂಖ್ಯೆಯ ವಿಳಾಸಕ್ಕೆ ಪಿಂಗ್ ಹೋಗಿ ಹೆಸರಿಗೆ ಹೋಗದಿದ್ದರೆ ಡಿಎನ್‌ಎಸ್. «ರಿಸಾಲ್ವ್‌ಸಿಟಿಎಲ್» ನೋಡಿ, ಪಿಪಿಪಿಡಿಗೆ «ಯೂಸ್‌ಪಿಯರ್‌ಡಿಎನ್‌ಎಸ್» ಕೊಡಿ.

ಪಿಂಗ್ ಸರಿ, ಚಿಕ್ಕ ಪುಟ ತೆರೆಯುತ್ತದೆ, ದೊಡ್ಡ ಕಡತ ಅರ್ಧಕ್ಕೆ ನಿಲ್ಲುತ್ತದೆ, ಮುಖ್ಯ ಕಚೇರಿಯ ವಿಪಿಎನ್ ಲಾಗಿನ್ ಆಗಿ ತೂಕಡಿಸುತ್ತದೆ: ಇದು ಎಂಟಿಯು, ಅಂದರೆ ಒಂದು ಪೊಟ್ಟಣದ ಗರಿಷ್ಠ ಗಾತ್ರ, ತಪ್ಪಿದ್ದು. «ಪಿಂಗ್ -ಎಂ ಡೂ -ಎಸ್ 1472» (ಇಲ್ಲಿ «ಎಂ» ದೊಡ್ಡಕ್ಷರ) ಹೋಗದೆ ಇಳಿಸುತ್ತ ಬಂದಾಗ 1400ಕ್ಕೆ ಹೋಯಿತೆನ್ನಿ. ಅದಕ್ಕೆ 28 ಕೂಡಿಸಿ ಎಂಟಿಯು 1428 ಮಾಡಿ. ಸರ್ವರ್ ಇತರ ಕಂಪ್ಯೂಟರುಗಳಿಗೂ ನೆಟ್ ಹಂಚುತ್ತಿದ್ದರೆ ಫೈರ್‌ವಾಲಿನಲ್ಲಿ «ಕ್ಲ್ಯಾಂಪ್-ಎಂಎಸ್‌ಎಸ್-ಟು-ಪಿಎಂಟಿಯು» ಕೂಡ ಬೇಕು.

ಹೊರಗಿನಿಂದ ಸರ್ವರಿಗೆ ಬರಲಾಗುತ್ತಿಲ್ಲ ಎಂಬುದು ದೋಷವಲ್ಲ. ಮೊಬೈಲ್ ಕಂಪನಿಗಳು ಕೊಡುವುದು ನೂರಾರು ಮಂದಿ ಹಂಚಿಕೊಂಡ ವಿಳಾಸ. ಹೊರಗೊಂದು ಯಂತ್ರಕ್ಕೆ ಸರ್ವರಿನಿಂದಲೇ ವೈರ್‌ಗಾರ್ಡ್ ವಿಪಿಎನ್ ಎಳೆದು «ಪರ್ಸಿಸ್ಟೆಂಟ್‌ಕೀಪ್‌ಅಲೈವ್ = 25» ಇಡಿ.

ಮಧ್ಯಾಹ್ನದ ಹೊತ್ತಿಗೆ ವೇಗ ಕುಸಿದು ರಾತ್ರಿ ಹನ್ನೆರಡಕ್ಕೆ ತಾನೇ ಸರಿಯಾದರೆ ಯಾವ ಹಂತದಲ್ಲೂ ದೋಷವಿಲ್ಲ, ದಿನದ ಡೇಟಾ ಮುಗಿದಿದೆ ಅಷ್ಟೆ. ಕುಡಿದದ್ದು ಯಾರೆಂದರೆ ಹೆಚ್ಚಾಗಿ ಸರ್ವರೇ: ತಾನಾಗಿ ಇಳಿಸಿಕೊಳ್ಳುವ ಅಪ್‌ಡೇಟ್, ರಾತ್ರಿಯ ಬ್ಯಾಕಪ್. ಡಾಂಗಲ್ ಮೇಲಿರುವಾಗ «ಎಪಿಟಿ-ಡೈಲಿ.ಟೈಮರ್» ನಿಲ್ಲಿಸಿಡಿ.

ತಾನೇ ಎಚ್ಚರವಾಗಲಿಕ್ಕೆ

ಸಿಸ್ಟಮ್‌ಡಿ ಟೈಮರಿನಿಂದ ಎರಡು ನಿಮಿಷಕ್ಕೊಮ್ಮೆ ಡಾಂಗಲ್ ಮುಖಾಂತರವೇ ಪಿಂಗ್ ಮಾಡಿಸಿ. ಸತತ ಮೂರು ಸಲ ಸೋತರೆ ಸಂಪರ್ಕ ಕಡಿದು ಜೋಡಿಸಲಿ. ಆಗಲೂ ಬರದಿದ್ದರೆ «ಎಂಎಂಸಿಎಲ್‌ಐ -ಎಂ ಎನಿ --ರಿಸೆಟ್». ಅದಕ್ಕೂ ಬಗ್ಗದಿದ್ದರೆ ಪೋರ್ಟಿನ ಕರೆಂಟನ್ನೇ ತೆಗೆದು ಕೊಡಲಿ. ಕೊನೆಯದಕ್ಕೆ «ಯುಹಬ್‌ಸಿಟಿಎಲ್» ಇದೆ, ಆದರೆ ಪೋರ್ಟುವಾರು ಸ್ವಿಚ್ ಇರುವ ಹಬ್ಬಿನಲ್ಲಿ ಮಾತ್ರ. ಎರಡು ರಿಸೆಟ್‌ಗಳ ನಡುವೆ ಹದಿನೈದು ನಿಮಿಷವಾದರೂ ಬಿಡಿ. ಊರಿನ ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಮುಗಿದಿದ್ದರೆ ಎಷ್ಟು ರಿಸೆಟ್ ಮಾಡಿದರೂ ಬರುವುದಿಲ್ಲ.

ಹೊರಗೆ ಆಂಟೆನಾ ಕಟ್ಟುವವರು ಡಾಂಗಲ್ಲಿನ ತೂತು ಸಿಆರ್‌ಸಿ9 ಯಾ ಟಿಎಸ್9 ಎಂದು ನೋಡಿ ಪಿಗ್‌ಟೇಲ್ (ಜೋಡಣೆಯ ಕಿರು ಕೇಬಲ್) ತರಬೇಕು. ನೋಡಲು ಒಂದೇ ಥರ, ಒತ್ತಿ ಕೂರಿಸಿದರೆ ಒಳಗಿನ ಪಿನ್ ಮುರಿಯುತ್ತದೆ. ಕೇಬಲ್ ಹತ್ತು ಮೀಟರ್ ಮೀರಿದರೆ ಆಂಟೆನಾ ಹಿಡಿದದ್ದನ್ನೆಲ್ಲ ಕೇಬಲ್ಲೇ ನುಂಗುತ್ತದೆ, ಬದಲಿಗೆ ಡಾಂಗಲನ್ನೇ ಆಂಟೆನಾದ ಹತ್ತಿರ ಒಯ್ಯಿರಿ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರಿನ ಗುಡುಗಿನ ದಿನಗಳಲ್ಲಿ ಅರ್ಥಿಂಗ್ ಮಾಡಿದ ಸರ್ಜ್ ಅರೆಸ್ಟರ್ ಇಲ್ಲದ ಆಂಟೆನಾ ಕೇಬಲನ್ನು ಸಂಜೆಗೆ ಬಿಚ್ಚಿಡಿ. ಸಿಡಿಲು ಆ ದಾರಿಯಲ್ಲಿ ಬಂದರೆ ಡಾಂಗಲ್ ಮಾತ್ರವಲ್ಲ, ಮದರ್‌ಬೋರ್ಡೂ ಹೋಗುತ್ತದೆ.